ಒಗೆಯದ ಸೀರೆ

ಸೀರೆ ಒಗೆಯಬೇಡ ಎಂದು ಲತಾ ಹೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಆ ದಿನ ಅವಳು ಫೋನಿನಲ್ಲಿ ನನ್ನನ್ನು "ಅಕ್ಕಯ್ಯ" ಎಂದು ಕರೆದಳು.

ಲತಾ ನನ್ನ ಒಬ್ಬಳೇ ತಂಗಿ. ಮಾಮೂಲಿ ದಿನಗಳಲ್ಲಿ ಅವಳಿಗೆ ನಾನು ಬರೀ "ಅಕ್ಕ". ಏನಾದರೂ ಬೇಕಾದಾಗ ಮಾತ್ರ "ಅಕ್ಕಯ್ಯ". ಲಂಗ ಹಾಕುತ್ತಿದ್ದ ಕಾಲದಿಂದಲೂ ಹಾಗೇ. ನನ್ನ ರಿಬ್ಬನ್ನು, ನನ್ನ ಪಾಲಿನ ಒಬ್ಬಟ್ಟು, ಆಮೇಲೆ ಅವಳ ಮದುವೆಗೆ ನನ್ನ ಜುಮಕಿ, ಎಲ್ಲ ಆ ಒಂದು ಮಾತಿಗೇ ಹೋದವು. ನನಗೆ ಕೋಪ ಬಹಳ ಬೇಗ ಬರುತ್ತದೆ, ಹೇರೋಹಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಶಿವಕ್ಕನ ಬಾಯಿ ಅಂದರೆ ಬೀದಿ ನಾಯಿಯೂ ದಾರಿ ಬಿಡುತ್ತದೆ. ಆದರೆ ಲತಾ "ಅಕ್ಕಯ್ಯ" ಅಂದರೆ ಆ ಬಾಯಿ ಎಲ್ಲಿ ಹೋಗುತ್ತಿತ್ತೋ ನನಗೇ ಗೊತ್ತಿಲ್ಲ.

"ಅಕ್ಕಯ್ಯಾ, ಚೈತ್ರಂಗೆ ಹೆಣ್ಣು ಮಗು ಆಯ್ತು ಕಣೇ. ಆಸ್ಪತ್ರೆಯಿಂದ ಬಂದ್ಮೇಲೆ ಜೋಲಿ ಕಟ್ಬೇಕು. ನಿಂದೊಂದು ಹಳೇ ಹತ್ತಿ ಸೀರೆ ಕೊಡು."

ಚೈತ್ರ ಲತಾಳ ಮಗಳು. ಮಗುವಿನ ಜೋಲಿಗೆ ಹಿರಿಯರ ಸೀರೆ ಕಟ್ಟುವುದು ನಮ್ಮ ಕಡೆ ಉಂಟು. ಉಟ್ಟು ಉಟ್ಟು ಮೆತ್ತಗಾದ ಸೀರೆ. ಆದರೆ ಅದನ್ನು ಕೇಳುವುದು ಐದಾರು ಹೆತ್ತು ಸಾಕಿದವರ ಹತ್ತಿರ. ನನಗೆ ಮಕ್ಕಳಿಲ್ಲ. ಗಂಡನೂ ಹೋಗಿ ಬಹಳ ವರ್ಷವಾಯಿತು. ನಮ್ಮ ಬೀದಿಯಲ್ಲಿ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಜೋಲಿ ಕಟ್ಟಿದರು, ಒಬ್ಬರೂ ನನ್ನ ಸೀರೆ ಕೇಳಲಿಲ್ಲ. ಕೇಳುವುದಿಲ್ಲ ಎಂದು ನನಗೂ ಗೊತ್ತಿತ್ತು, ಅದಕ್ಕೇ ನಾನೂ ಯಾರ ನಾಮಕರಣದಲ್ಲೂ ತೊಟ್ಟಿಲ ಹತ್ತಿರ ಹೋಗುತ್ತಿರಲಿಲ್ಲ.

"ನಂದಾ?" ಅಂದೆ.

"ಹೂಂ ನಿಂದೇ. ಇನ್ಯಾರ್ದು? ನನ್ನ ಸಾಕಿದ್ದು ನೀನು ತಾನೆ?"

"ಒಗ್ದು, ಗಂಜಿ ಹಾಕ್ದೆ ಮಡಿಚಿ ಕೊಡ್ತೀನಿ ಬಿಡು."

"ಬೇಡ ಬೇಡ, ಒಗೀಲೇಬೇಡ. ಉಟ್ಟಿದ್ದನ್ನ ಹಾಗೇ ಕೊಡು. ನಾನಿಲ್ಲಿ ಮಗೂ ಸೋಪಲ್ಲೇ ಒಗ್ಕೋತೀನಿ."

ಎಷ್ಟು ಸೂಕ್ಷ್ಮ ನೋಡು ನನ್ನ ತಂಗಿ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಆ ಸೀರೆಯ ವಿಷಯ ಹೇಳಬೇಕಾದರೆ ಬೆಳ್ಳಿಯ ವಿಷಯ ಹೇಳಬೇಕು. ಬೆಳ್ಳಿ ನನ್ನ ಹಸು. ನಾಟಿ ಹಸು, ಅಮ್ಮನ ಕಾಲದಿಂದ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದ ತಳಿಯದು. ಹೊಲವೆಲ್ಲ ಸೈಟುಗಳಾಗಿ, ಕೊಟ್ಟಿಗೆಯ ಮೂರು ಕಡೆ ಬಾಡಿಗೆ ಮನೆಗಳು ಎದ್ದ ಮೇಲೂ ನಾನು ಅದನ್ನು ಬಿಡಲಿಲ್ಲ. ಬೆಳಿಗ್ಗೆ ಹಾಲು ಕರೆದು ಬಿಟ್ಟರೆ ಅದು ಖಾಲಿ ಸೈಟುಗಳ ಹುಲ್ಲು ಮೇಯ್ದು, ತರಕಾರಿ ಗಾಡಿಯವನು ಬಿಸಾಡಿದ ಕೋಸಿನ ಎಲೆ ತಿಂದು, ಗುಂಡಿ ಬಿದ್ದ ರಸ್ತೆಯಲ್ಲಿ ವಾಟರ್ ಟ್ಯಾಂಕರಿಗೂ ದಾರಿ ಬಿಡದೆ ನಡೆದು, ಹೊತ್ತು ಮುಳುಗುವ ಮುಂಚೆ ತಾನೇ ಮನೆಗೆ ಬರುತ್ತಿತ್ತು. ಬಾಗಿಲಿಗೆ ಬಂದು ಒಂದು ಸಲ ಅಂಬಾ ಅಂದರೆ, ನಾನು ಬಂದೆ, ಬಾಲ್ಡಿ ತೆಗಿ ಎಂದು ಅರ್ಥ.

ಕಳೆದ ಚಳಿಗಾಲದಲ್ಲಿ ಅದು ಕರು ಹಾಕಿತು. ಕರು ಬಡಕಲು. ನಾನು ನನ್ನ ಸೆರಗಿನಿಂದಲೇ ಅದರ ಮೈ ಒರೆಸಿ, ತೊಡೆಯ ಮೇಲೆ ಇಟ್ಟುಕೊಂಡು ಬೆಚ್ಚಗೆ ಮಾಡಿದೆ. ಉಳಿಯಲಿಲ್ಲ. ಕರು ಹೋದ ಮೇಲೆ ಬೆಳ್ಳಿ ಹಾಲನ್ನು ಏರಿಸಿಕೊಂಡುಬಿಟ್ಟಿತು. ಸೀಮೆ ಹಸುವಿನ ಹಾಗಲ್ಲ ಇವು. ಕರು ಮೂಸಬೇಕು, ನೆಕ್ಕಬೇಕು, ಆಗಲೇ ಕೆಚ್ಚಲಿಗೆ ಹಾಲು ಇಳಿಯುವುದು. ಇಲ್ಲದಿದ್ದರೆ ಕೆಚ್ಚಲು ಕಲ್ಲಾದರೂ ಒಂದು ತೊಟ್ಟು ಬಿಡುವುದಿಲ್ಲ. ಕೆಚ್ಚಲು ಬಾವು ಬಂದು ಹಸುವೇ ಹೋಗುತ್ತದೇನೋ ಎಂದು ನಾನು ಅದರ ಪಕ್ಕದಲ್ಲಿ ಕೂತು ಅಳುತ್ತಿದ್ದೆ. ಆಗ ಅದು ಕತ್ತು ಚಾಚಿ ನನ್ನ ಸೆರಗು ಮೂಸಿತು. ನೆಕ್ಕಿತು. ಸೆರಗಿನ ತುದಿಯನ್ನು ಬಾಯಲ್ಲಿ ಹಿಡಿದು ಮೆಲ್ಲಗೆ ಚೀಪಿತು. ನಾನು ಕೈ ಇಟ್ಟರೆ ಹಾಲು ಸುರಿಯಿತು.

ಅಂದಿನಿಂದ ನನ್ನ ಸೆರಗೇ ಅದರ ಕರು. ಕೊಟ್ಟಿಗೆಗೆ ಉಡುವ ಸೀರೆಗಳನ್ನು ನಾನು ಒಟ್ಟಿಗೆ ಒಗೆಯುತ್ತಲೇ ಇರಲಿಲ್ಲ. ಒಂದನ್ನು ಒಗೆದರೆ ಅದನ್ನು ಇನ್ನೊಂದು ಸೀರೆಯ ಜೊತೆ ಸುತ್ತಿ ವಾಸನೆ ಹತ್ತಿಸಿ ಆಮೇಲೆ ಉಡುತ್ತಿದ್ದೆ. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ, ನನಗೇನು?

ಯುಗಾದಿ ಸುಮಾರಿಗೆ ನನ್ನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದರು. ಹಾಲು ಕರೆಯಲು ಕೆಂಗೇರಿ ಉಪನಗರದಿಂದ ಲತಾ ಬಂದಳು. ನನ್ನ ಸೀರೆ ಅವಳಿಗೆ ಉಡಿಸಿ ಎಲ್ಲ ಹೇಳಿಕೊಟ್ಟೆ. ಸೆರಗು ಮುಂದೆ ಬಿಡು, ಮೂಸಲಿ, ಅವಸರ ಮಾಡಬೇಡ. ಕರೆದ ಮೇಲೆ ಸೀರೆ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಹೋಗದ ಹಾಗೆ ಎರಡು ಗಂಟು ಕಟ್ಟಿಡು, ವಾಸನೆ ಹೋಗಬಾರದು.

"ಒಳ್ಳೆ ಉಪ್ಪಿನಕಾಯಿ ಜಾಡಿ ಕಟ್ಟಿದ ಹಾಗಾಯ್ತಲ್ಲಕ್ಕ," ಎಂದು ನಕ್ಕಿದ್ದಳು. ಬೆಳ್ಳಿ ಅವಳಿಗೂ ಹಾಲು ಬಿಟ್ಟಿತು.

ಆಮೇಲೆ ಒಂದು ದಿನ ಚೈತ್ರಳ ಗಂಡ ಮೋಹನ್ ಕುಮಾರ್ ತನ್ನ ಯಜಮಾನನನ್ನು ಕರೆದುಕೊಂಡು ಬಂದ. ಯೋಗಾನಂದ ಅಂತ. ಕೆಂಗೇರಿ ದಾಟಿ ರಾಮೋಹಳ್ಳಿ ಕಡೆ ಹಸುಗಳನ್ನು ಸಾಕಿ, ನಾಟಿ ಹಾಲನ್ನು ಗಾಜಿನ ಬಾಟಲಿಯಲ್ಲಿ ಅಪಾರ್ಟ್‌ಮೆಂಟುಗಳಿಗೆ ಕಳಿಸುವವನು. ಮೋಹನ ಅವನ ಹತ್ತಿರ ಬಾಟಲಿ ಹಂಚುವ ಕೆಲಸಕ್ಕಿದ್ದ. ಯೋಗಾನಂದ ಬೆಳ್ಳಿಯ ಸುತ್ತ ಒಂದು ಸುತ್ತು ಬಂದು, "ಇಂಥ ತಳಿ ಈಗ ಸಿಗಲ್ಲಮ್ಮ. ಕೊಡ್ತೀರಾ?" ಅಂದ.

"ಮನೆ ಮಗಳನ್ನ ಕೊಡೋದು ಮದುವೆ ಮಾಡಿ. ನಿಮ್ಮನೇಲಿ ಹೋರಿ ಇದ್ರೆ ಕರ್ಕೊಂಡು ಬನ್ನಿ, ಮಾತಾಡಣ," ಅಂದೆ. ಅವನು ನಕ್ಕು ಹೋದ. ಮೋಹನನ ಮುಖ ಸಣ್ಣಗಾಗಿತ್ತು. ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಇಷ್ಟಾದ ಮೇಲೆ ಆಷಾಢದಲ್ಲಿ ಮಗು ಹುಟ್ಟಿತು, ಲತಾ ಸೀರೆ ಕೇಳಿದಳು. ಇರುವುದರಲ್ಲೇ ಮೆತ್ತಗಿನದು ಕೊಟ್ಟೆ. ತಿಳಿ ಹಸಿರು, ಮೆರೂನ್ ಅಂಚು. ಕರುವಿನ ಮೈ ಒರೆಸಿದ್ದು ಅದರಲ್ಲೇ. ಬೆಳ್ಳಿ ಚೀಪಿ ಚೀಪಿ ಸೆರಗಿನ ಮೂಲೆ ಹರಿದುಹೋಗಿ, ನಾನು ಬಿಳಿ ದಾರದಲ್ಲಿ ಹೊಲಿದಿದ್ದೆ. ಮಗುವಿಗೆ ಚುಚ್ಚೀತು ಎಂದು ಆ ಹೊಲಿಗೆ ಬಿಚ್ಚಿ, ಮತ್ತೆ ಸಣ್ಣಗೆ ಹೊಲಿದು ಕೊಟ್ಟೆ. ಅವತ್ತು ನಾನು ಎಷ್ಟು ಖುಷಿಯಾಗಿದ್ದೆ ಅಂದರೆ, ತರಕಾರಿಯವನ ಜೊತೆ ಚೌಕಾಸಿ ಕೂಡ ಮಾಡಲಿಲ್ಲ. ಅವನೇ ಹೆದರಿ, "ಯಾಕಕ್ಕ, ಹುಷಾರಿಲ್ವಾ?" ಎಂದು ಕೇಳಿದ.

ಅದೇ ವಾರ ಬೆಳ್ಳಿ ಸಂಜೆ ಮನೆಗೆ ಬರಲಿಲ್ಲ.

ಹುಡುಕಿದೆ. ಖಾಲಿ ಸೈಟು, ಮೋರಿ ಪಕ್ಕ, ಕಸದ ರಾಶಿ, ಎಲ್ಲ ಕಡೆ ಹೆಸರು ಕೂಗುತ್ತಾ ಓಡಾಡಿದೆ. ಫೋನು ಮಾಡಿದ ಕೂಡಲೇ ಲತಾ ಆಟೋ ಹಿಡಿದು ಓಡಿ ಬಂದಳು. ನನಗಿಂತ ಜಾಸ್ತಿ ಅವಳೇ ಅತ್ತಳು. ನನ್ನ ಕೈ ಹಿಡಿದುಕೊಂಡು ಪೊಲೀಸ್ ಸ್ಟೇಷನ್ನಿಗೆ ಬಂದಳು, ಗೋಶಾಲೆಗಳಿಗೆ ಬಂದಳು, ಮೆಟ್ರೋ ಕಂಬಗಳ ಕೆಳಗೆ ಮಲಗಿದ ದನಗಳ ಮುಖವನ್ನೆಲ್ಲ ಮೊಬೈಲ್ ಬೆಳಕು ಬಿಟ್ಟು ನೋಡಿದಳು. "ಯಾವ ಪಾಪಿ ಹಿಡ್ಕೊಂಡು ಹೋದ್ನೋ ಅಕ್ಕ, ಅವನ ಕೈ ಸೇದ್ಹೋಗ," ಎಂದು ಶಾಪ ಹಾಕಿದಳು. ಊಟ ಬಿಟ್ಟು ಕೂತ ನನಗೆ ತುತ್ತು ಮಾಡಿ ತಿನ್ನಿಸಿದಳು. ಮಗು ನೋಡಲು ಬರುತ್ತೇನೆ ಅಂದರೆ, "ಈ ಸ್ಥಿತೀಲಿ ನೀನ್ಯಾಕೆ ಬರ್ತೀಯ, ನಾನೇ ಬರ್ತೀನಿ," ಅನ್ನುವಳು. ಬರುವಳು ಕೂಡ. ನನಗೆ ಹಸು ಹೋಯಿತು, ತಂಗಿಯಾದರೂ ಇದ್ದಾಳಲ್ಲ ಎಂದುಕೊಂಡೆ. ದೇವರಾಣೆಗೂ ಹಾಗೇ ಅಂದುಕೊಂಡೆ.

ಶ್ರಾವಣದಲ್ಲಿ ನಾಮಕರಣ ಇಟ್ಟರು. ಹಿಂದಿನ ದಿನ ಫೋನು ಬಂತು.

"ಅಕ್ಕಯ್ಯಾ, ಬರೋವಾಗ ಇನ್ನೊಂದು ಸೀರೆ ತಗೊಂಡು ಬಾ. ನಿನ್ನ ಸೀರೇಲಿ ಮಲಗಿದ್ರೇನೇ ಕಣೇ ಮಗೂಗೆ ನಿದ್ದೆ ಬರೋದು. ಅದು ಹಳೇದಾಗೋಯ್ತು. ಕೊಟ್ಟಿಗೆ ಸೀರೆ ಇದ್ದರೂ ಪರವಾಗಿಲ್ಲ, ಒಗೀಬೇಡ."

ನನ್ನ ಸೀರೆಯಲ್ಲಿ ಮಲಗಿದರೇ ನಿದ್ದೆ! ಫೋನಿಟ್ಟು ಗೋಡೆಗೆ ಒರಗಿ ನಿಂತೆ. ಬೆಳ್ಳಿ ಹೋದ ಮೇಲೆ ಕೊಟ್ಟಿಗೆಯ ಗೂಟಕ್ಕೆ ನೇತು ಹಾಕಿದ್ದ ಕಂದು ಸೀರೆಯನ್ನು ನಾನು ಮುಟ್ಟಿರಲಿಲ್ಲ. ಅದರಲ್ಲಿ ಬೆಳ್ಳಿಯ ವಾಸನೆ ಇತ್ತು, ಆಗಾಗ ಮುಖಕ್ಕೆ ಒತ್ತಿಕೊಳ್ಳುತ್ತಿದ್ದೆ. ಅದನ್ನೇ ತೆಗೆದು ಮಡಿಚಿದೆ. ಹಸು ಇಲ್ಲದ ಮೇಲೆ ಇದು ಮಗುವಿಗಾದರೂ ಆಗಲಿ.

ನಾಮಕರಣಕ್ಕೆ ಬೀರುವಿನಲ್ಲಿದ್ದ ರೇಷ್ಮೆ ಸೀರೆ ಉಟ್ಟು, ಪೌಡರು ಹಚ್ಚಿ ಹೋದೆ. ಬಾಗಿಲಲ್ಲೇ ಲತಾ ನನ್ನ ಚೀಲ ತೆಗೆದುಕೊಂಡಳು. ಒಳಗೆ ಹೋದರೆ ಸ್ಟೀಲಿನ ಸ್ಟ್ಯಾಂಡಿನ ತೊಟ್ಟಿಲು, ಅದಕ್ಕೆ ಗುಲಾಬಿ ಬಣ್ಣದ ಹೊಸ ಬಟ್ಟೆ, ಸೊಳ್ಳೆ ಪರದೆ. ಮಗು ಸುಖವಾಗಿ ನಿದ್ದೆ ಮಾಡುತ್ತಿತ್ತು.

"ಜೋಲಿ ಎಲ್ಲೇ ಚೈತ್ರಾ?" ಅಂದೆ.

"ಯಾವ ಜೋಲಿ ದೊಡ್ಡಮ್ಮ? ಮೊದ್ಲಿಂದ ಇದೇ ತೊಟ್ಟಿಲು. ಆನ್‌ಲೈನಲ್ಲಿ ತರಿಸಿದ್ದು," ಅಂದಳು ಚೈತ್ರ. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ.

ನಾನು ಯೋಚಿಸಿದ್ದು ಏನು ಗೊತ್ತೇ? ಬೀಗರು ಮಕ್ಕಳಿಲ್ಲದವಳ ಸೀರೆ ಬೇಡ ಅಂದಿರಬೇಕು, ನನಗೆ ನೋವಾಗಬಾರದೆಂದು ಲತಾ ಸುಳ್ಳು ಹೇಳಿರಬೇಕು ಎಂದು. ಆಗಲೂ ನಾನು ಅವಳ ಪರವಾಗಿಯೇ ಯೋಚಿಸಿದೆ. ಕಣ್ಣೀರು ಯಾರಿಗೂ ಕಾಣಬಾರದೆಂದು ಹೊರಗೆ ಬಂದು ಕಾಂಪೌಂಡಿನ ಹತ್ತಿರ ನಿಂತೆ.

ಅಲ್ಲಿ ಮೋಹನ ಸ್ಕೂಟರಿನ ಸೀಟು ಎತ್ತಿ ಏನೋ ಇಡುತ್ತಿದ್ದ. ಪ್ಲಾಸ್ಟಿಕ್ ಕವರು. ಒಳಗೆ ನನ್ನ ಕಂದು ಸೀರೆ. ಬಾಯಿಗೆ ಬಿಗಿಯಾಗಿ ಎರಡು ಗಂಟು.

ಉಪ್ಪಿನಕಾಯಿ ಜಾಡಿ ಕಟ್ಟಿದ ಹಾಗೆ.

ಸೀರೆ ಒಗೆಯುವವರು ವಾಸನೆಯನ್ನು ಯಾಕೆ ಗಂಟು ಕಟ್ಟುತ್ತಾರೆ? ಹೋಗಿ ಅವನ ಕೈಯಿಂದ ಕವರು ಕಿತ್ತುಕೊಂಡೆ.

"ಎಲ್ಲಿಗೋ ಹೊರಟೆ?"

"ದೊ... ದೊಡ್ಡಮ್ಮ, ಐಸ್‌ಕ್ರೀಮ್ ತರೋಕೆ..."

"ನನ್ನ ಸೀರೆ ಉಡಿಸಿ ತರ್ತೀಯಾ ಐಸ್‌ಕ್ರೀಮ್‌ನ? ಹತ್ತು. ನಾನೂ ಬರ್ತೀನಿ. ಎಲ್ಲಿಗೆ ಹೊರಟಿದ್ಯೋ ಅಲ್ಲಿಗೇ ನಡಿ. ಬೇರೆ ದಾರಿ ಹಿಡಿದ್ಯೋ, ಇಲ್ಲೇ ನಿಮ್ಮ ನೆಂಟರ ಮುಂದೆಲ್ಲ ಕೂಗಾಡ್ತೀನಿ."

ಅವನು ಹತ್ತಿದ. ರೇಷ್ಮೆ ಸೀರೆಯಲ್ಲಿ ನಾನು ಹಿಂದೆ ಕೂತೆ, ಕವರನ್ನು ಎದೆಗೆ ಅವುಚಿಕೊಂಡು. ಕೆಂಗೇರಿ ದಾಟಿದ ಮೇಲೆ ಅವನು ಹೆಲ್ಮೆಟ್ಟಿನೊಳಗಿಂದಲೇ ಅಳುತ್ತಾ ಹೇಳಿದ. ಯಜಮಾನರಿಗೆ ಬೆಳ್ಳಿಯ ಮೇಲೆ ಬಹಳ ಆಸೆ ಇತ್ತಂತೆ. ಇವನ ಕೆಲಸ ಹೋಗುವುದರಲ್ಲಿತ್ತಂತೆ. ಆ ಹಸು ತಂದುಕೊಟ್ಟರೆ ಮ್ಯಾನೇಜರ್ ಮಾಡುತ್ತೇನೆ ಅಂದಿದ್ದರಂತೆ.

"ಹಿಡಿದು ಎಳೆದ್ರೆ ಅದು ಟೆಂಪೋ ಹತ್ತಲ್ಲ ಅಂತ ಅತ್ತೇನೇ ಅಂದ್ರು. ನಿಮ್ಮ ಹಸಿರು ಸೀರೆ ಉಟ್ಕೊಂಡು, ಸೆರಗು ಬಿಟ್ಕೊಂಡು ಮುಂದೆ ಹತ್ತಿದ್ರು. ಅದು ಮೂಸ್ಕೊಂಡು ಹಿಂದೇನೇ ಹತ್ತಿಬಿಡ್ತು ದೊಡ್ಡಮ್ಮ. ಹಗ್ಗಾನೂ ಬೇಕಾಗ್ಲಿಲ್ಲ."

ಆ ಸಂಜೆಯೇ ಅವಳು ನನ್ನ ಮನೆಗೆ ಅಳುತ್ತಾ ಓಡಿ ಬಂದಿದ್ದು. ಸೀರೆ ಬದಲಾಯಿಸಿಕೊಂಡು.

ಯೋಗಾನಂದನ ಕೊಟ್ಟಿಗೆಗೆ ಸಿಮೆಂಟಿನ ನೆಲ, ತಗಡಿನ ಚಾವಣಿ, ಫ್ಯಾನು ಬೇರೆ. ಸಾಲಾಗಿ ಕಟ್ಟಿದ ಹಸುಗಳಲ್ಲಿ ಕೊನೆಯದು ಬೆಳ್ಳಿ. ಪಕ್ಕೆಲುಬು ಕಾಣುತ್ತಿತ್ತು. ಅದರ ಕೆಳಗೆ ಒಬ್ಬ ಹೆಂಗಸು ಬಾಲ್ಡಿ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು. ತಿಳಿ ಹಸಿರು ಸೀರೆ, ಮೆರೂನ್ ಅಂಚು. ಸೆರಗಿನ ಮೂಲೆಯಲ್ಲಿ ಸಣ್ಣ ಬಿಳಿ ಹೊಲಿಗೆ. ಮಗುವಿಗೆ ಚುಚ್ಚಬಾರದೆಂದು ನಾನು ಹೊಲಿದ ಹೊಲಿಗೆ.

"ಬೆಳ್ಳೀ!" ಎಂದು ಕೂಗಿದೆ.

ಅದರ ಕಿವಿ ನನ್ನ ಕಡೆ ತಿರುಗಿತು. ಹತ್ತಿರ ಹೋಗಿ ಕೈ ಚಾಚಿದೆ. ಅದು ಒಂದು ಸಲ ಮೂಸಿ, ಬುಸ್ಸೆಂದು ಉಸಿರು ಬಿಟ್ಟು, ಕೊಂಬು ಅಲ್ಲಾಡಿಸಿ ಹಿಂದೆ ಸರಿಯಿತು. ಆಮೇಲೆ ಆ ಹೆಂಗಸಿನ ಸೆರಗಿಗೆ ಮೂತಿ ಒತ್ತಿತು. ನನ್ನ ಮೈಮೇಲೆ ಇದ್ದದ್ದು ಬೀರುವಿನ ನುಸಿಗುಳಿಗೆ, ಪೌಡರು, ಸ್ಕೂಟರಿನ ಹೊಗೆ. ನಾನು ಯಾರೋ ಆಗಿದ್ದೆ. ಅವಳು ಶಿವಕ್ಕ ಆಗಿದ್ದಳು.

"ಥೂ ನಿನ್ನ, ನಾನ್ ಕಣೇ! ಗೊತ್ತಾಗಲ್ವಾ?" ಎಂದು ಬೈದೆ. ಬೈಯುತ್ತಲೇ ಅಳು ಬಂತು. ಇಷ್ಟು ವರ್ಷ ಸಾಕಿದ್ದು ಇದಕ್ಕೇನಾ?

ಆ ಹೆಂಗಸು ಎದ್ದು ನಿಂತಳು. ಕುಸುಮಾ ಎಂದು ಅವಳ ಹೆಸರು. "ಹತ್ರ ಬರಬೇಡಿ ಅಮ್ಮ, ಒದೀತದೆ. ಈ ಸೀರೆ ಉಟ್ರೆ ಮಾತ್ರ ಹಾಲು ಬಿಡೋದು. ಒಗೀಬೇಡ ಅಂದವ್ರೆ. ಈಗೀಗ ನನ್ ಬೆವರು ವಾಸ್ನೆ ಹತ್ಬುಟ್ಟು ಮೂಸ್ತದೆ, ಅರ್ಧಕ್ಕೇ ಏರಿಸ್ಕೊಂಬುಡ್ತದೆ. ಅದ್ಕೇ ಇವತ್ತು ಇನ್ನೊಂದು ಸೀರೆ ಬರ್ತದೆ ಅಂದ್ರು."

ನಾನು ಕವರಿನ ಗಂಟು ಹಲ್ಲಿನಿಂದ ಬಿಚ್ಚಿದೆ. ಕಂದು ಸೀರೆಯನ್ನು ರೇಷ್ಮೆಯ ಮೇಲೇ ಸುತ್ತಿಕೊಂಡು, ಸೆರಗು ಮುಂದೆ ಬಿಟ್ಟು ನಿಂತೆ.

ಬೆಳ್ಳಿ ತಲೆ ಎತ್ತಿತು. ಮೂಗಿನ ಹೊಳ್ಳೆ ಅಗಲಿಸಿತು. ಗೂಟಕ್ಕೆ ಕಟ್ಟಿದ ಹಗ್ಗ ಬಿಗಿಯಾಗುವವರೆಗೆ ಕತ್ತು ಚಾಚಿ ನನ್ನ ಸೆರಗನ್ನು ನೆಕ್ಕಿತು, ನನ್ನ ಕೈ ನೆಕ್ಕಿತು, ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪಿತು. ಯಾರೂ ಕೈ ಇಟ್ಟಿರಲಿಲ್ಲ. ಹಾಲು ತಾನಾಗಿ ತೊಟ್ಟಿಕ್ಕಿ ಸಿಮೆಂಟಿನ ಮೇಲೆ ಹರಿಯಿತು. ನಾನು ಅದರ ಕತ್ತು ತಬ್ಬಿಕೊಂಡು ಅತ್ತೆ. ಅದಕ್ಕೆ ಏನು ಗೊತ್ತು? ಅದು ಸತ್ತುಹೋದ ತನ್ನ ಕರುವನ್ನು ಮೂಸುತ್ತಿತ್ತು. ಅದನ್ನೂ ನನ್ನ ಹಾಗೇ ನಂಬಿಸಿ ಕರೆದುಕೊಂಡು ಹೋಗಿದ್ದರು.

ಗಲಾಟೆ ಕೇಳಿ ಯೋಗಾನಂದ ಬಂದ. ಸ್ಟೇಷನ್ನಿನಲ್ಲಿ ದೂರು ಕೊಟ್ಟಿದ್ದೇನೆ ಎಂದು ನಾನು ಕೂಗಿದಾಗ ಅವನ ಮುಖ ಬಿಳಿಚಿತು.

"ಅಯ್ಯೋ, ನೀವೇ ಒಪ್ಪಿ ಕೊಟ್ರಿ ಅಂದ್ರಲ್ಲಮ್ಮ ನಿಮ್ಮ ತಂಗಿ! ನಾನೂ ಮೊದ್ಲು ನಂಬ್ಲಿಲ್ಲ. ನಿಮ್ಮ ಸೀರೆ ತಂದು ಕೊಟ್ರು ನೋಡಿ, ಆಗ ನಂಬಿದೆ. ಮನಸ್ಸಿಲ್ದೇ ಇರೋರು ಯಾರಾದ್ರೂ ಉಟ್ಟ ಸೀರೆ ಬಿಚ್ಚಿ ಕಳಿಸ್ತಾರಾ?"

ಅವನೇ ಟೆಂಪೋ ತರಿಸಿದ. ನಾನು ಮುಂದೆ ಹತ್ತಿದೆ, ಬೆಳ್ಳಿ ಸೆರಗು ಮೂಸುತ್ತಾ ಹಿಂದೆ ಹತ್ತಿತು. ಹೋಗುವಾಗಲೂ ಹೀಗೇ ಹತ್ತಿರಬೇಕು. ಕುಸುಮಾ ಒಳಗೆ ಹೋಗಿ ತನ್ನ ಸೀರೆ ಉಟ್ಟು ಬಂದು, ಹಸಿರು ಸೀರೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. "ನಂಗೊತ್ತಿರ್ಲಿಲ್ಲ ಅಮ್ಮ," ಅಂದಳು.

ಅಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತಿತು. ಲತಾ ಇಳಿದಳು, ನಾಮಕರಣದ ಜರಿ ಸೀರೆಯಲ್ಲೇ. ಮೋಹನ ಫೋನು ಮಾಡಿರಬೇಕು.

"ಅಕ್ಕ, ಒಂದ್ನಿಮಿಷ ಕೇಳು. ಬಾಣಂತಿ ಮಗಳನ್ನ ಇಟ್ಕೊಂಡು ಅಳಿಯನ ಕೆಲಸ ಹೋದ್ರೆ ನಾನೇನು ಮಾಡ್ಲಿ? ಕೇಳಿದ್ರೆ ನೀನು ಕೊಡ್ತಿದ್ಯಾ ಹೇಳು?"

"ಕೊಡ್ತಿರ್ಲಿಲ್ಲ."

"ಮತ್ತೆ!"

"ಹಸು ಕದ್ದಿದ್ಕೆ ಬೈದು ಸುಮ್ಮನಾಗ್ತಿದ್ದೆ ಕಣೇ. ಹಗ್ಗ ಹಾಕಿ ಎಳ್ಕೊಂಡು ಹೋಗಿದ್ರೆ, ಒಂದು ವರ್ಷ ಮಾತು ಬಿಟ್ಟು ಆಮೇಲೆ ನಾನೇ ಬರ್ತಿದ್ದೆ. ಮಗೂ ನೆಪ ಯಾಕೆ ಹೇಳ್ದೆ? ನನ್ನ ಸೀರೇಲಿ ಮಗು ಮಲ್ಗುತ್ತೆ ಅಂತ ಯಾಕೆ ಹೇಳ್ದೆ?"

ನಾನು ಹಸಿರು ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಬಿಡಪ್ಪ ಗಾಡಿ," ಎಂದು ಡ್ರೈವರಿಗೆ ಹೇಳಿದೆ. ಟೆಂಪೋ ಅಲ್ಲಾಡಿತು. ಆಗ ಹಿಂದಿನಿಂದ ಅವಳು ಕೂಗಿದಳು.

"ಅಕ್ಕಯ್ಯಾ!"

ಅದೇ ದನಿ. ರಿಬ್ಬನ್ ಕೇಳಿದ, ಜುಮಕಿ ಕೇಳಿದ ದನಿ. ಬೆಳ್ಳಿ ತಲೆ ಎತ್ತಿ ತಿರುಗಿ ನೋಡಿತು. ನನ್ನ ಎದೆಯಲ್ಲೂ ಏನೋ ಇಳಿಯಲು ಬಂತು, ಕಣ್ಣಿನವರೆಗೂ ಬಂತು.

ಏರಿಸಿಕೊಂಡೆ. ತಿರುಗಲಿಲ್ಲ.